ಅಪ್ಪನಿಗೆ 74, ಸೋಫಾದಿಂದ ಏಳೋಕೇ ಕಷ್ಟ ಪಡ್ತಾರೆ, ಬರೀ ವಾಕಿಂಗ್ ಸಾಕಾಗತ್ತಾ?

ಪಾಂಡವಪುರದ_ಹೈದ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮಪ್ಪನಿಗೆ ಈಗ 74. ಪಾಂಡವಪುರದ ಹತ್ರ ನಮ್ಮೂರು. ಜೀವಮಾನ ಪೂರ್ತಿ ಹೊಲ ಗದ್ದೆ ಕೆಲಸ ಮಾಡಿದೋರು, ನಾಲೇಲಿ ನೀರು ಬಿಟ್ರೆ ಭತ್ತ, ಇಲ್ದಿದ್ರೆ ರಾಗಿ, ಜೊತೆಗೆ ಒಂದಷ್ಟು ಕಬ್ಬು. ಕಬ್ಬಿನ ಹೊರೆ ಹೆಗಲ ಮೇಲಿಟ್ಕೊಂಡು ಲಾರಿಗೆ ಹಲಗೆ ಹಾಕಿ ಅದರ ಮೇಲೆ ನಡ್ಕೊಂಡ್ ಹತ್ತಿ ಲೋಡ್ ಮಾಡ್ತಿದ್ರು, ನಾನು ಚಿಕ್ಕೋನಾಗಿದ್ದಾಗ ಕೆಳಗೆ ನಿಂತ್ಕೊಂಡು ನೋಡ್ತಿದ್ದೆ.

ಅಮ್ಮ ತೀರ್ಕೊಂಡ ಮೇಲೆ ಊರಲ್ಲಿ ಒಬ್ರೇ ಇರೋದು ಬೇಡ ಅಂತ ಮೈಸೂರಿಗೆ ಕರ್ಕೊಂಡ್ ಬಂದ್ವಿ, ಕುವೆಂಪುನಗರದಲ್ಲಿ ನಮ್ಮನೆ. ಇಲ್ಲಿ ಅವ್ರಿಗೆ ಮಾಡೋಕೆ ಏನೂ ಕೆಲಸ ಇಲ್ಲ. ಬೆಳಿಗ್ಗೆ ಪೇಪರ್, ಆಮೇಲೆ ಟಿವಿ, ಊಟ, ನಿದ್ದೆ, ಮತ್ತೆ ಟಿವಿ. ನಾನೂ ನನ್ನ ಹೆಂಡ್ತೀನೂ ಇಬ್ರೂ ಕೆಲಸಕ್ಕೆ ಹೋಗೋರು, ಪಾಪ ಆರಾಮಾಗಿರ್ಲಿ ಅಂತ ಒಂದು ಲೋಟ ನೀರೂ ಕೂತಲ್ಲಿಗೇ ಕೊಡ್ತಿದ್ವಿ. ಈ ಮಳೆಗಾಲದಲ್ಲಿ ಜ್ವರ ಬಂದು ಎರಡು ವಾರ ಹಾಸಿಗೆ ಹಿಡಿದ್ರು. ಎದ್ಮೇಲೆ ನೋಡಿದ್ರೆ ತೊಡೆ ಎರಡೂ ಸಣ್ಣ ಆಗ್ಬಿಟ್ಟಿದೆ, ಸೋಫಾದಿಂದ ಏಳ್ಬೇಕಾದ್ರೆ ಕೈ ಊರಿ ಹಿಂದೆ ಮುಂದೆ ತೂಗಾಡಿ ಹೆಂಗೋ ಏಳ್ತಾರೆ. ಎಡಗಾಲ್ ಮಂಡಿ ನೋವು ಮೊದ್ಲಿಂದ್ಲೂ ಇದೆ. ಬಿಪಿ ಮಾತ್ರೆ ತಗೋತಾರೆ, ಶುಗರ್ ಬಾರ್ಡರಲ್ಲಿದೆ. ಹಾರ್ಟ್ ಟೆಸ್ಟ್ ಎಲ್ಲಾ ಮಾಡ್ಸಿದೀವಿ, ತೊಂದ್ರೆ ಇಲ್ಲ ಅಂದ್ರು.

ಡಾಕ್ಟ್ರು ವಾಕಿಂಗ್ ಮಾಡ್ಸಿ ಅಂದ್ರು. ಪಾರ್ಕಿಗೆ ಕರ್ಕೊಂಡ್ ಹೋದ್ರೆ ನಿಧಾನಕ್ಕೆ ಒಂದು ರೌಂಡ್ ಹಾಕಿ ಕಲ್ಲು ಬೆಂಚ್ ಮೇಲೆ ಕೂತ್ಬಿಡ್ತಾರೆ. ಎಕ್ಸರ್ಸೈಜ್ ಅಂದ್ರೆ "ಐವತ್ತು ವರ್ಷ ಮಣ್ಣಲ್ಲಿ ದುಡ್ದಿದೀನಿ, ಇನ್ಯಾವ ಎಕ್ಸರ್ಸೈಜೋ" ಅಂತ ಬಯ್ತಾರೆ. ಮನೆಗೆ ಬರೋ ನೆಂಟ್ರೆಲ್ಲಾ "ವಯಸ್ಸಾಯ್ತಲ್ಲ, ರೆಸ್ಟ್ ತಗೊಳ್ಲಿ ಬುಡು" ಅಂತಾರೆ. ನನ್ನ ಪ್ರಶ್ನೆ ಇಷ್ಟೇ. ಈ ವಯಸ್ಸಲ್ಲಿ ಕಾಲಿಗೆ ಶಕ್ತಿ ವಾಪಸ್ ಬರತ್ತಾ? ವಾಕಿಂಗ್ ಬಿಟ್ಟು ಬೇರೆ ಏನ್ ಮಾಡಿಸ್ಬೋದು? ಮಂಡಿ ನೋವಿರೋರು ಮಾಡ್ಬೋದಾ? ಯಾರಾದ್ರೂ ಮನೇಲಿ ಮಾಡ್ಸಿದ್ರೆ ಹೇಳಿ.

ಪಿಟಿ_ಮೇಷ್ಟ್ರು_ಮಂಡ್ಯ

ಬತ್ತದೆ ಕಣಪ್ಪ, ಖಂಡಿತ ಬತ್ತದೆ. ನಾನು ಮಂಡ್ಯ ಕಡೆ ಹೈಸ್ಕೂಲಲ್ಲಿ ಪಿಟಿ ಮೇಷ್ಟ್ರಾಗಿ ರಿಟೈರ್ ಆದೋನು, ನಮ್ಮ ಬೀದಿಲಿ ಎಪ್ಪತ್ತು ದಾಟಿದೋರನ್ನ ಕೂರ್ಸಿ ಏಳ್ಸಿ ಮಾಡಿಸ್ತಾನೆ ಇದೀನಿ.

ಮೊದ್ಲು ನಿಮ್ಮಪ್ಪ ಹೇಳೋ ಮಾತಿಗೆ ಬರ್ತೀನಿ, ಯಾಕಂದ್ರೆ ನಮ್ಮ ಕಡೆ ರೈತರೆಲ್ಲಾ ಇದನ್ನೇ ಹೇಳೋದು. ದುಡಿದ ಮೈ ನಿಜ, ಅದರಿಂದಲೇ ಅವ್ರು ಇಷ್ಟು ವರ್ಷ ಗಟ್ಟಿಯಾಗಿ ಇದ್ದಿದ್ದು. ಆದ್ರೆ ಸ್ನಾಯು ಅನ್ನೋದು ಸೇದೋ ಬಾವಿ ಇದ್ದಂಗೆ, ಸೇದ್ತಾ ಇದ್ರೆ ಊರ್ತದೆ, ಬಿಟ್ರೆ ಹೂಳು ತುಂಬ್ತದೆ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಪರ್ಸೆಂಟ್ ಸ್ನಾಯು ಕರಗ್ತದೆ ಅಂತ ಲೆಕ್ಕ ಅದೆ, ಅರವತ್ತಾದ ಮೇಲೆ ಇನ್ನೂ ಜೋರು. ಅದರಲ್ಲೂ ಹೆಚ್ಚಾಗಿ ಹೋಗೋದು ಜೋರಾಗಿ, ಚುರುಕಾಗಿ ಕೆಲಸ ಮಾಡೋ ಸ್ನಾಯು. ಹೊಸಲು ಎಡವಿದಾಗ ಟಕ್ ಅಂತ ಕಾಲು ಮುಂದಕ್ಕೆ ಹಾಕಿ ಸುಧಾರಿಸ್ಕೊತೀವಲ್ಲ, ಕುರ್ಚಿಯಿಂದ ಒಂದೇ ಸಲಕ್ಕೆ ಏಳ್ತೀವಲ್ಲ, ಆ ಸ್ನಾಯು. ಪಾರ್ಕಲ್ಲಿ ನಿಧಾನಕ್ಕೆ ರೌಂಡ್ ಹಾಕಿದ್ರೆ ಅದಕ್ಕೆ ಕೆಲಸವೇ ಬೀಳಲ್ಲ. ಅದ್ಕೇ ನಾನು ಹೇಳೋದು ವಾಕಿಂಗ್ ಒಳ್ಳೇದು, ಎದೆಗೆ ಒಳ್ಳೇದು, ಶುಗರ್‌ಗೆ ಒಳ್ಳೇದು, ಮನಸ್ಸಿಗೂ ಒಳ್ಳೇದು, ಆದ್ರೆ ಅದೊಂದೇ ಸಾಲ್ದು. ವಿಶ್ವ ಆರೋಗ್ಯ ಸಂಸ್ಥೆಯವರು 2020ರಲ್ಲಿ ಹೇಳಿರೋದೂ ಅದೇ. 65 ದಾಟಿದೋರಿಗೆ ವಾರಕ್ಕೆ 150ರಿಂದ 300 ನಿಮಿಷ ಸ್ವಲ್ಪ ಉಸಿರು ಹೆಚ್ಚಾಗೋ ಹಂಗೆ ನಡಿಗೆ ಅಥವಾ ಅಂಥ ಕೆಲಸ, ಅದರ ಜೊತೆ ವಾರಕ್ಕೆ ಎರಡು ದಿನವಾದ್ರೂ ಸ್ನಾಯುಗೆ ಭಾರ ಬೀಳೋ ವ್ಯಾಯಾಮ, ಮೂರು ದಿನ ಬ್ಯಾಲೆನ್ಸ್ ಮತ್ತೆ ಶಕ್ತಿ ಎರಡೂ ಸೇರಿರೋ ಅಭ್ಯಾಸ. ಮೊದಲನೇದನ್ನ ಮಾತ್ರ ಎಲ್ಲಾರೂ ಹಿಡ್ಕೊಂಡವ್ರೆ, ಇನ್ನೆರಡನ್ನ ಯಾರೂ ಹೇಳಲ್ಲ.

ಏನ್ ಮಾಡಿಸ್ಬೇಕು ಅಂದ್ರಲ್ಲ, ಬಸ್ಕಿಯಿಂದ ಶುರು ಮಾಡಿ. ಹೆದರ್ಬೇಡಿ, ಗರಡಿ ಬಸ್ಕಿ ಅಲ್ಲ, ಕುರ್ಚಿ ಬಸ್ಕಿ. ಡೈನಿಂಗ್ ಟೇಬಲ್ಲಿನ ಮರದ ಕುರ್ಚಿ ತಗೊಂಡು ಗೋಡೆಗೆ ಒರಗ್ಸಿ ಇಡಿ, ಪ್ಲಾಸ್ಟಿಕ್ ಕುರ್ಚಿ ಬೇಡ, ಟೈಲ್ಸ್ ಮೇಲೆ ಜಾರ್ತದೆ. ಸೋಫಾ ಅಂತೂ ಬೇಡ್ವೇ ಬೇಡ, ತಗ್ಗು ಜಾಸ್ತಿ, ಮೆತ್ತಗೆ ಬೇರೆ. ಪಂಚೆ ಉಟ್ಟಿದ್ರೆ ಮೊದ್ಲು ಎತ್ತಿ ಕಟ್ಟಿಸಿ, ಕಾಲಿಗೆ ಸಿಕ್ಕಬಾರ್ದು. ಕುರ್ಚಿ ಅಂಚಿಗೆ ಬಂದು ಕೂರ್ಬೇಕು, ಪಾದ ಮಂಡಿಗಿಂತ ಒಂದ್ ಚೂರು ಹಿಂದಕ್ಕೆ ಎಳ್ಕೊಬೇಕು, ಎದೆ ಮುಂದಕ್ಕೆ ಬಾಗಿಸ್ಬೇಕು, ಮೂಗು ಕಾಲ್ಬೆರಳ ನೇರಕ್ಕೆ ಬರ್ಬೇಕು, ಆಗ ತಾನಾಗೇ ಸೊಂಟ ಏಳ್ತದೆ. ವಯಸ್ಸಾದೋರು ಬೆನ್ನು ನೆಟ್ಟಗೆ ಇಟ್ಕೊಂಡೇ ಮೇಲಕ್ಕೆ ನೆಗೆಯೋಕೆ ನೋಡ್ತಾರೆ, ಅದ್ಕೇ ಏಳಕ್ಕಾಗಲ್ಲ. ಕೂರೋದು ಇನ್ನೂ ಮುಖ್ಯ, ದೊಪ್ ಅಂತ ಬೀಳಬಾರ್ದು, ಬಾಯಲ್ಲಿ ಒಂದು ಎರಡು ಮೂರು ಅಂತ ಎಣಿಸ್ತಾ ನಿಧಾನಕ್ಕೆ ಇಳೀಬೇಕು. ಬಾಯ್ಬಿಟ್ಟು ಎಣಿಸಿ ಅನ್ನೋದು ಯಾಕಂದ್ರೆ ಎಣಿಸೋನು ಉಸಿರು ಕಟ್ಟಕ್ಕಾಗಲ್ಲ, ಬಿಪಿ ಇರೋರು ಉಸಿರು ಬಿಗಿ ಹಿಡಿದ್ರೆ ಒತ್ತಡ ಏರ್ತದೆ.

ಮೊದ್ಲು ಕೈ ಊರ್ಕೊಂಡೇ ಮಾಡ್ಲಿ, ಕುರ್ಚಿ ಮೇಲೆ ಒಂದು ದಪ್ಪ ದಿಂಬು ಹಾಕಿ ಎತ್ತರ ಮಾಡಿ. ಐದು ಸಲ ಸಲೀಸಾದ್ರೆ ಎಂಟು, ಆಮೇಲೆ ಹತ್ತು, ಆಮೇಲೆ ದಿಂಬು ತೆಗೀರಿ, ಆಮೇಲೆ ಕೈ ಬಿಡ್ಸಿ, ಆಮೇಲೆ ಒಂದು ನೀರಿನ ಬಾಟ್ಲಿ ಎದೆಗೆ ಅವುಚ್ಕೊಂಡು ಏಳ್ಲಿ. ಹಿಂಗೆ ವಾರ ವಾರ ಒಂದ್ ಚೂರು ಕಷ್ಟ ಮಾಡ್ತಾ ಹೋಗ್ಬೇಕು, ಸಲೀಸಾದ ಮೇಲೂ ಅದನ್ನೇ ಮಾಡ್ತಾ ಕೂತ್ರೆ ಶಕ್ತಿ ಅಲ್ಲೇ ನಿಲ್ತದೆ. ದಿನ ಬಿಟ್ಟು ದಿನ ಸಾಕು, ಮಧ್ಯದ ದಿನ ಸ್ನಾಯು ಸುಧಾರಿಸ್ಕೊಳ್ಳಕ್ಕೆ.

ಅಳತೆ ಬೇಕು ಅಂದ್ರೆ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯವರ ಒಂದು ಪರೀಕ್ಷೆ ಅದೆ. ಕೈ ಎದೆ ಮೇಲೆ ಕಟ್ಕೊಂಡು 30 ಸೆಕೆಂಡಲ್ಲಿ ಎಷ್ಟು ಸಲ ಎದ್ದು ಕೂರ್ತಾರೆ ಅಂತ ನೋಡೋದು. 70ರಿಂದ 74ರ ಗಂಡಸರು 12ಕ್ಕಿಂತ ಕಮ್ಮಿ, ಹೆಂಗಸರು 10ಕ್ಕಿಂತ ಕಮ್ಮಿ ಆದ್ರೆ ಬೀಳೋ ಅಪಾಯ ಜಾಸ್ತಿ ಅಂತ ಲೆಕ್ಕ. ಕೈ ಊರಿ ಎದ್ರೆ ಸೊನ್ನೆ ಅಂತಲೇ ಬರ್ಕೊತಾರೆ. ನಿಮ್ಮಪ್ಪ ಈಗ ಸೊನ್ನೆಲಿ ಅವ್ರೆ ಅಂದ್ಕೊಳ್ಳಿ, ಅಲ್ಲಿಂದ ಮೇಲಕ್ಕೆ ಬರೋದು ಅವ್ರ ಕಣ್ಣಿಗೇ ಕಾಣ್ತದೆ, ಬಯ್ಯೋದೂ ನಿಲ್ತದೆ.

ಇದರ ಜೊತೆ ಅಡುಗೆಮನೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲೋದು, ಗೋಡೆಗೆ ಎರಡೂ ಕೈ ಕೊಟ್ಟು ದಂಡ ಹೊಡೆದಂಗೆ ತಳ್ಳೋದು, ಕಟ್ಟೆ ಪಕ್ಕದಲ್ಲೇ ಒಂದು ಕಾಲಲ್ಲಿ ನಿಲ್ಲೋದು. ಇಷ್ಟೇ. ಯಾವ ಸಾಮಾನೂ ತರ್ಬೇಕಿಲ್ಲ.

ಒಂದು ಮಾತು ಹೇಳ್ಲೇಬೇಕು. ನಮ್ಮ ಕಡೆ ಊರೂರಿಗೂ ಗರಡಿ ಮನೆ ಇದ್ವು, ಮೈಸೂರಲ್ಲಂತೂ ಕೇಳೋದೇ ಬೇಡ, ದಸರಾ ಕುಸ್ತಿಗೆ ವರ್ಷಾನುಗಟ್ಲೆ ತಯಾರಿ. ಕುಸ್ತಿ ಅಖಾಡಕ್ಕೆ ಇಳಿಯೋ ವಯಸ್ಸು ದಾಟಿದ ಹಿರೀಕರೂ ಬೆಳಿಗ್ಗೆ ಬಂದು ದಂಡ ಬಸ್ಕಿ ಹೊಡ್ದು ಹೋಗೋರು. ಅಂಥ ಬಸ್ಕಿನ ನಾವು ಸ್ಕೂಲಲ್ಲಿ ಶಿಕ್ಷೆ ಮಾಡ್ಬುಟ್ವಿ, ಹೋಮ್‌ವರ್ಕ್ ಮಾಡದೋನು ಹೊಡಿಯೋದು ಬಸ್ಕಿ ಅಂತ. ಮಕ್ಕಳ ತಲೆಲಿ ಅದು ಅವಮಾನ ಅಂತ ಕೂತ್ರೆ ದೊಡ್ಡೋರಾದ ಮೇಲೆ ಯಾರು ಮಾಡ್ತಾರೆ? ನಂಗೆ ಇವತ್ತಿಗೂ ಅದು ಹೊಟ್ಟೆ ಉರಿಯೋ ವಿಷ್ಯ.

ಸುಮ್ನೆ_ಓದುಗ

ಮೇಷ್ಟ್ರೆ ಗೌರವದಿಂದ್ಲೇ ಕೇಳ್ತೀನಿ, ಮಂಡಿ ಸವೆದಿರೋರಿಗೆ ಬಸ್ಕಿ ಹೊಡಿಸಿದ್ರೆ ಇನ್ನೂ ಸವೆಯಲ್ವಾ? ನಮ್ಮ ದೊಡ್ಡಪ್ಪನಿಗೆ ಮಂಡಿ ನೋವು ಅಂತ ಮೆಟ್ಟಿಲು ಹತ್ತೋದು, ನೆಲದ ಮೇಲೆ ಕೂರೋದು ಎಲ್ಲಾ ಬಿಡ್ಸಿದ್ರು, ಊಟ ಕೂಡ ಮಂಚದ ಮೇಲೇನೇ. ವಯಸ್ಸಾದ್ಮೇಲೆ ನಿಧಾನಕ್ಕೆ ನಡೆದ್ರೆ ಸಾಕು, ಭಾರ ಗೀರ ಯಾಕೆ ಬೇಕು ಅನ್ಸತ್ತೆ.

ಫಿಸಿಯೋ_ಸರಸ್ವತಿಪುರಂ

@ಸುಮ್ನೆ_ಓದುಗ ಈ ಪ್ರಶ್ನೆ ನನ್ನ ಹತ್ರ ಬರೋ ಪ್ರತಿ ಮನೆಯವ್ರೂ ಕೇಳ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮಂಡಿ ಒಳಗೆ ಮೂಳೆ ತುದಿಗೆ ಇರೋ ಮೃದ್ವಸ್ಥಿಗೆ, ಅಂದ್ರೆ ಕಾರ್ಟಿಲೇಜ್ ಅನ್ನೋ ನುಣುಪು ಪದರಕ್ಕೆ, ನೇರವಾಗಿ ರಕ್ತನಾಳ ಇಲ್ಲ. ಕೀಲಿನ ಒಳಗಿರೋ ದ್ರವದಿಂದ್ಲೇ ಅದಕ್ಕೆ ಪೋಷಣೆ ಸಿಗೋದು, ಕಾಲು ಮಡಚಿ ಬಿಚ್ಚಿ ಭಾರ ಬಿದ್ದು ಎದ್ದು ಆದಾಗ ಆ ದ್ರವ ಒಳಗೆ ಹೋಗಿ ಹೊರಗೆ ಬರತ್ತೆ. ಅಲುಗಾಡಿಸದೇ ಇಟ್ರೆ ಮಂಡಿಗೆ ಊಟವೇ ಇಲ್ಲ. ಇನ್ನೊಂದು, ತೊಡೆ ಮುಂಭಾಗದ ಸ್ನಾಯು ಗಟ್ಟಿ ಇದ್ರೆ ಕಾಲಿಟ್ಟಾಗ ಬೀಳೋ ಹೊಡೆತ ಅದು ತಡ್ಕೊಳತ್ತೆ, ಅದು ಸೋತಷ್ಟೂ ಹೊಡೆತ ಕೀಲಿಗೇ ಹೋಗತ್ತೆ. ಅದಕ್ಕೇ ಸವೆದ ಮಂಡಿಗೆ ಮೊದಲ ಚಿಕಿತ್ಸೆ ಅಂತ ಎಲ್ಲಾ ಕಡೆ ಹೇಳೋದು ವ್ಯಾಯಾಮ, ಜೊತೆಗೆ ತೂಕ ಜಾಸ್ತಿ ಇದ್ರೆ ಇಳಿಸೋದು. ನಿಮ್ಮ ದೊಡ್ಡಪ್ಪನಿಗೆ ಮೆಟ್ಟಿಲು ಬಿಡಿಸಿ ಮಂಚದ ಮೇಲೇ ಕೂರಿಸಿದ್ದು ಪ್ರೀತಿಯಿಂದ್ಲೇ, ಆದ್ರೆ ಅದರಿಂದ ಕಾಲು ಇನ್ನೂ ಸೋಲತ್ತೆ, ಸೋತಷ್ಟೂ ನೋವು, ನೋವಾದಷ್ಟೂ ಇನ್ನೂ ಕೂರೋದು.

ನೋವಾದ್ರೆ ಹೇಗೆ ಗುರುತಿಸೋದು ಅಂದ್ರೆ, ಮಾಡುವಾಗ ಸಣ್ಣ ನೋವು ಬಂದು ಮಾರನೇ ದಿನಕ್ಕೆ ಮೊದಲಿನ ಹಾಗೇ ಆಯ್ತು ಅಂದ್ರೆ ಪರವಾಗಿಲ್ಲ. ಮಾರನೇ ದಿನ ನೋವು ಹೆಚ್ಚಾಗೇ ಇದ್ರೆ ಆಳ ಕಮ್ಮಿ ಮಾಡಿ, ದಿಂಬು ವಾಪಸ್ ಹಾಕಿ. ಮಂಡಿ ಊದಿ ಬಿಸಿ ಆದ್ರೆ, ನಡುವೆ ಸಿಕ್ಕಿಕೊಂಡ ಹಾಗೆ ಆದ್ರೆ, ಕಾಲು ಇದ್ದಕ್ಕಿದ್ದ ಹಾಗೆ ಕುಸಿದ್ರೆ ನಿಲ್ಲಿಸಿ ತೋರಿಸಿ. ಎದೆ ಹಿಡಿದಂಗೆ ಆದ್ರೆ, ಮಾತಾಡಕ್ಕಾಗದಷ್ಟು ಏದುಸಿರು ಬಂದ್ರೆ, ತಲೆ ಸುತ್ತಿದ್ರೆ ಅದಂತೂ ತಕ್ಷಣ.

@ಪಾಂಡವಪುರದ_ಹೈದ ನಿಮ್ಮ ತಂದೆಯವರ ವಿಷಯದಲ್ಲಿ ನನಗೆ ಮುಖ್ಯ ಅನ್ಸಿದ್ದು ಆ ಎರಡು ವಾರದ ಜ್ವರ. ಹಾಸಿಗೆ ಎಷ್ಟು ಕೆಟ್ಟದ್ದು ಅಂತ ನಮ್ಮ ಜನಕ್ಕೆ ಗೊತ್ತೇ ಇಲ್ಲ. 1966ರಲ್ಲಿ ಅಮೆರಿಕದ ಡಲ್ಲಾಸಲ್ಲಿ ಇಪ್ಪತ್ತು ವರ್ಷದ ಐದು ಜನ ಆರೋಗ್ಯವಂತ ಹುಡುಗರನ್ನ ಮೂರು ವಾರ ಹಾಸಿಗೆ ಮೇಲೇ ಮಲಗಿಸಿ ಅವರ ದೇಹದ ಸಾಮರ್ಥ್ಯ ಅಳೆದ್ರು. ಮೂವತ್ತು ವರ್ಷ ಆದ್ಮೇಲೆ ಅದೇ ಐದು ಜನರನ್ನ ಮತ್ತೆ ಕರೆದು ಅಳೆದಾಗ ಮೂವತ್ತು ವರ್ಷದ ವಯಸ್ಸಿಗಿಂತ ಆ ಮೂರು ವಾರದ ಹಾಸಿಗೆಯೇ ಅವರ ಸಾಮರ್ಥ್ಯನ ಹೆಚ್ಚು ಇಳಿಸಿತ್ತು ಅಂತ ಗೊತ್ತಾಯ್ತು. ಇಪ್ಪತ್ತರ ಹುಡುಗರ ಕಥೆ ಇದು, 74ರೋರಿಗೆ ಕೇಳ್ಬೇಕಾ? ಅದೇ ಐದು ಜನಕ್ಕೆ ಐವತ್ತರ ವಯಸ್ಸಲ್ಲಿ ಆರು ತಿಂಗಳು ತರಬೇತಿ ಕೊಟ್ಟಾಗ ದೇಹ ಆಮ್ಲಜನಕ ಬಳಸ್ಕೊಳ್ಳೋ ಶಕ್ತಿ ಇಪ್ಪತ್ತರಲ್ಲಿ ಇದ್ದ ಮಟ್ಟಕ್ಕೆ ವಾಪಸ್ ಬಂತು. ಹಾಗಾಗಿ ನಿಮ್ಮ ತಂದೆಯವರ ತೊಡೆ ಸಣ್ಣ ಆಗಿದ್ದು ವಯಸ್ಸಿನಿಂದ ಅಂತ ಕೈಬಿಡಬೇಡಿ, ಅದರಲ್ಲಿ ದೊಡ್ಡ ಪಾಲು ಹಾಸಿಗೆದು.

ಶಕ್ತಿ ವಾಪಸ್ ಬರತ್ತಾ ಅಂದ್ರಲ್ಲ, 1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ತೊಂಬತ್ತರ ಆಸುಪಾಸಿನವರಿಗೆ ಎಂಟು ವಾರ ಕಾಲಿಗೆ ಭಾರ ಹಾಕಿ ತರಬೇತಿ ಕೊಟ್ರು. ತೊಡೆಯ ಶಕ್ತಿ ಸರಾಸರಿ 174 ಪರ್ಸೆಂಟ್ ಹೆಚ್ಚಾಯ್ತು. ಕೋಲು ಹಿಡೀತಿದ್ದ ಇಬ್ಬರು ಕೋಲು ಬಿಟ್ರು. ತೊಂಬತ್ತು ವರ್ಷದವರು! ನಾನು ಈ ಕೆಲಸಕ್ಕೆ ಬಂದಾಗ ಇದನ್ನ ಓದಿದ್ದೇ ಓದಿದ್ದು, ಅಲ್ಲಿಂದ "ವಯಸ್ಸಾಯ್ತು ಬಿಡಿ" ಅನ್ನೋ ಮಾತು ನನ್ನ ಬಾಯಿಂದ ಬರಲ್ಲ.

ಬಿಪಿ ಮಾತ್ರೆ ತಗೊಳೋರಾದ್ರಿಂದ ಒಂದೆರಡು ಎಚ್ಚರಿಕೆ. ಮಲಗಿದ್ದೋರು ತಟ್ಟಂತ ಎದ್ದು ನಿಲ್ಲಬಾರ್ದು, ಮಂಚದ ಅಂಚಲ್ಲಿ ಒಂದು ನಿಮಿಷ ಕೂತು ಪಾದ ಆಡಿಸಿ ಆಮೇಲೆ ನಿಲ್ಲಲಿ. ಬೆಳಿಗ್ಗೆ ಎದ್ದ ತಕ್ಷಣ ಬೇಡ, ತಿಂಡಿ ಆಗಿ ಒಂದು ಗಂಟೆ ಆದ್ಮೇಲೆ ಮಾಡಿಸಿ. ಊಟ ಆದ್ಮೇಲೆ ಹತ್ತು ನಿಮಿಷ ಮನೆ ಮುಂದೆ ಓಡಾಡಿಸಿ, ಶುಗರ್ ಬಾರ್ಡರಲ್ಲಿ ಇರೋರಿಗೆ ಇದು ತುಂಬಾ ಒಳ್ಳೇದು, ಯಾಕಂದ್ರೆ ಕೆಲಸ ಮಾಡೋ ಸ್ನಾಯು ಇನ್ಸುಲಿನ್‌ಗೆ ಕಾಯದೇ ರಕ್ತದಲ್ಲಿರೋ ಸಕ್ಕರೆನ ಎಳ್ಕೊಳತ್ತೆ. ಮನೆ ಒಳಗೂ ಹಿಮ್ಮಡಿಗೆ ಪಟ್ಟಿ ಇರೋ ಚಪ್ಪಲಿ ಹಾಕ್ಸಿ, ಹವಾಯಿ ಬೇಡ.

ನಿವೃತ್ತ_ಕಂಡಕ್ಟರ್

ಮೇಲೆ ಓದ್ತಾ ಓದ್ತಾ ನಂಗೂ ಹೇಳ್ಬೇಕು ಅನ್ಸ್ತು. ನಾನು ಸರ್ಕಾರಿ ಬಸ್ಸಲ್ಲಿ ಕಂಡಕ್ಟರ್ ಆಗಿದ್ದೋನು, ಮೈಸೂರು ಮಂಡ್ಯ ಮದ್ದೂರು ರೂಟಲ್ಲೇ ಹೆಚ್ಚು ವರ್ಷ. ನಮ್ಮ ಮಗಳು ಒಂದಿನ ಒಂದು ವಿಷ್ಯ ಓದಿ ಹೇಳಿದ್ಲು. 1953ರಲ್ಲಿ ಲಂಡನ್ನಲ್ಲಿ ಜೆರ್ರಿ ಮಾರಿಸ್ ಅನ್ನೋ ಡಾಕ್ಟ್ರು ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್‌ಗಳನ್ನೂ ಕಂಡಕ್ಟರ್‌ಗಳನ್ನೂ ಹೋಲಿಸಿ ನೋಡಿ, ದಿನವಿಡೀ ಕೂತಿರೋ ಡ್ರೈವರ್‌ಗಳಿಗಿಂತ ಮೇಲೆ ಕೆಳಗೆ ಹತ್ತಿ ಇಳಿದು ಟಿಕೆಟ್ ಕೊಡೋ ಕಂಡಕ್ಟರ್‌ಗಳಿಗೆ ಹಾರ್ಟ್ ಕಾಯಿಲೆ ಕಮ್ಮಿ ಅಂತ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬರೆದ್ರಂತೆ. ಒಂದೇ ಬಸ್ಸು, ಅದೇ ಡಿಪೋ, ಅದೇ ಕ್ಯಾಂಟೀನ್ ಊಟ. ಓಡಾಡೋದು ಎದೆಗೆ ಒಳ್ಳೇದು ಅಂತ ಈಗ ನಾವು ಮಾತಾಡ್ತೀವಲ್ಲ, ಅದರ ಸಂಶೋಧನೆ ಶುರುವಾಗಿದ್ದೇ ಹೆಚ್ಚುಕಮ್ಮಿ ಅಲ್ಲಿಂದ ಅಂತೆ.

ನಾನು ಡ್ಯೂಟಿಲಿ ನಿಂತ್ಕೊಂಡೇ ಬದುಕಿದೋನು, ರಿಟೈರ್ ಆದ್ಮೇಲೆ ಸಾಕಾಯ್ತು ಕೂರಾಣ ಅನ್ಸೋದು ಸಹಜ. ನಿಮ್ಮಪ್ಪನಿಗೂ ಹಂಗೇ ಇರತ್ತೆ. ಅವ್ರಿಗೆ ಎಕ್ಸರ್ಸೈಜ್ ಅನ್ನೋ ಮಾತೇ ಆಡ್ಬೇಡಿ ಸಾರ್, ಕೆಲಸ ಕೊಡಿ. ತಾರಸಿ ಮೇಲೆ ನಾಲ್ಕು ಕುಂಡ ಇಟ್ಟು ಸೊಪ್ಪು ಹಾಕ್ಸಿ, ನೀರು ಅವ್ರೇ ಹೊತ್ಕೊಂಡ್ ಹೋಗಿ ಹಾಕ್ಲಿ, ಮೊದ್ಲು ಅರ್ಧ ಬಕೀಟು. ರೈತ ಮನುಷ್ಯ ಮಣ್ಣು ನೋಡಿದ್ರೆ ಸುಮ್ನೆ ಕೂರಲ್ಲ.

ಕುಕ್ಕರಹಳ್ಳಿ_ವಾಕರ್

ಕಂಡಕ್ಟರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ.

ನಾನು ಹೆಂಗಸರ ಕಡೆಯಿಂದ ಎರಡು ಮಾತು ಸೇರಿಸ್ತೀನಿ, ಯಾಕಂದ್ರೆ ಇಂಥ ಚರ್ಚೇಲಿ ಯಾವಾಗ್ಲೂ ಅಪ್ಪಂದಿರ ಬಗ್ಗೇನೇ ಮಾತು, ಅಮ್ಮಂದಿರು "ಮನೆಗೆಲಸ ಮಾಡ್ತಾರಲ್ಲ ಸಾಕು" ಅಂತ ಬಿಟ್ಬಿಡ್ತೀವಿ. ನಂಗೆ 61. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ನಡೆಯೋ ಒಂದು ಗುಂಪಿದೆ ನಮ್ದು. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಮೂಳೆ ಬೇಗ ಬೇಗ ಸವೆಯತ್ತೆ, ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಕಮ್ಮಿ ಆಗೋದ್ರಿಂದ. ಪಾತ್ರೆ ತೊಳೆಯೋದು ಬಟ್ಟೆ ಒಗೆಯೋದು ಸುಸ್ತು ಮಾಡತ್ತೆ ನಿಜ, ಆದ್ರೆ ಮೂಳೆಗೆ ಸ್ನಾಯುಗೆ ದಿನಾ ಅದೇ ಅಭ್ಯಾಸ ಆದ ಭಾರ, ಹೆಚ್ಚಾಗಲ್ಲ, ಅದರಿಂದ ಹೊಸದಾಗಿ ಗಟ್ಟಿ ಆಗೋದು ಕಮ್ಮಿ. ಈಗ ವಾಕ್ ಮುಗಿಸಿ ಕಲ್ಲು ಬೆಂಚ್ ಹತ್ರ ನಾವೂ ಕೂತು ಏಳೋದು, ಒಂಟಿ ಕಾಲಲ್ಲಿ ನಿಲ್ಲೋದು ಎಲ್ಲಾ ಮಾಡ್ತೀವಿ. ಮೊದ್ಲು ನೋಡೋರು ನಗ್ತಿದ್ರು, ಈಗ ಕೆಲವ್ರು ಬಂದು ಸೇರ್ಕೊಂಡಿದ್ದಾರೆ, ಸೀರೆ ಉಟ್ಕೊಂಡೇ.

ಯೋಗಾಸನ ಬಗ್ಗೆ ಯಾರೂ ಹೇಳ್ಲಿಲ್ಲ, ಮೈಸೂರಲ್ಲಿ ಇದ್ಕೊಂಡು! ನಾಲ್ವಡಿಯವರ ಕಾಲದಲ್ಲಿ ಜಗನ್ಮೋಹನ ಅರಮನೇಲಿ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದ ಊರು ಇದು. ಅವರು ನೂರು ವರ್ಷ ಬಾಳಿದ್ರು. ಅವರ ಹತ್ರ ಇಲ್ಲೇ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ ಅವರು 95ರವರೆಗೆ ಇದ್ರು, ಮೈ ಬಗ್ಗದೋರೂ ಮಾಡೋ ಹಾಗೆ ಕುರ್ಚಿ, ಬೆಲ್ಟು, ಮರದ ದಿಮ್ಮಿ ಬಳಸಿ ಆಸನ ಹೇಳ್ಕೊಟ್ರು. ನಿಮ್ಮ ತಂದೆಗೆ ಕುರ್ಚಿ ಹಿಡ್ಕೊಂಡು ಮಾಡೋ ಆಸನ ಹೇಳ್ಕೊಡೋ ಟೀಚರ್ ಹತ್ತಿರದಲ್ಲೇ ಸಿಗಬಹುದು, ವಿಚಾರಿಸಿ. ಆದ್ರೆ ದೊಡ್ಡ ಗುಂಪಲ್ಲಿ ಇಪ್ಪತ್ತರ ಹುಡುಗರ ಜೊತೆ ಕೂರಿಸೋ ಕಡೆ ಬೇಡ.

ಇನ್ನೊಂದು, ಹುರುಪು ಬಂದ ತಕ್ಷಣ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೆ ಕರ್ಕೊಂಡ್ ಹೋಗ್ಬೇಡಿ. ಅಭ್ಯಾಸ ಆಗಿ ಹೋದ್ರೂ ಹತ್ತಿ ಹೋಗಿ ಸಿಟಿ ಬಸ್ಸಲ್ಲಿ ಇಳೀರಿ. ಮಂಡಿಗೆ ಹೊಡೆತ ಬೀಳೋದು ಇಳಿಯುವಾಗ.

ಊಟದ ವಿಷ್ಯ ಕೇಳ್ಲಿಲ್ಲ ನೀವು ಆದ್ರೂ ಹೇಳ್ತೀನಿ. ವಯಸ್ಸಾದೋರು ರಾತ್ರಿ ಎರಡು ಇಡ್ಲಿ, ಮಜ್ಜಿಗೆ ಅನ್ನ ಅಂತ ಮುಗಿಸ್ತಾರೆ, ಸ್ನಾಯು ಕಟ್ಟೋಕೆ ಬೇಕಾದ ಪ್ರೋಟೀನ್ ಎಲ್ಲಿಂದ ಬರ್ಬೇಕು? ವಯಸ್ಸಾದೋರಿಗೆ ತೂಕದ ಪ್ರತಿ ಕೆಜಿಗೆ ದಿನಕ್ಕೆ 1ರಿಂದ 1.2 ಗ್ರಾಂ ಅಂತಾರೆ, ಅಂದ್ರೆ 60 ಕೆಜಿ ಇರೋರಿಗೆ 60ರಿಂದ 70 ಗ್ರಾಂ. ಒಂದು ಮೊಟ್ಟೇಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಲ್ಲೂ ಅಷ್ಟೇ. ನಮ್ಮ ಕಡೆ ಊಟಾನೇ ಒಳ್ಳೇ ಊಟ, ಮುದ್ದೆ ಜೊತೆ ಹುರುಳಿಕಾಳು ಬಸ್ಸಾರು, ಆ ಕಾಳಿನ ಪಲ್ಯ, ಅವರೇಕಾಳು, ನಾಟಿ ಕೋಳಿ ಸಾರು. ಹುರುಳಿಕಾಳು 100 ಗ್ರಾಮಿಗೆ 20 ಗ್ರಾಮಿನ ಮೇಲೆ ಪ್ರೋಟೀನ್ ಇರತ್ತೆ. ಆದ್ರೆ ನಾವು ಬಡಿಸೋವಾಗ ಮುದ್ದೆ ದೊಡ್ಡದು, ಸಾರು ಜಾಸ್ತಿ, ಕಾಳು ಒಂದು ಚಮಚ. ಅದನ್ನ ತಿರುಗಿಸಿ, ಮುದ್ದೆ ಚಿಕ್ಕದು ಮಾಡಿ ಕಾಳು ಜಾಸ್ತಿ ಹಾಕಿ. ಕಿಡ್ನಿ ತೊಂದ್ರೆ ಇರೋರು ಮಾತ್ರ ಡಾಕ್ಟ್ರನ್ನ ಕೇಳಿ ಮಾಡ್ಬೇಕು.

ಒಂಟಿಕೊಪ್ಪಲ್_ಮನೆ

74ಕ್ಕೆ ಲೇಟ್ ಆಯ್ತಾ ಅನ್ನೋ ಚಿಂತೆ ಇದ್ರೆ ಫೌಜಾ ಸಿಂಗ್ ಅವರನ್ನ ನೆನಪಿಸ್ಕೊಳ್ಳಿ. ಪಂಜಾಬಿನ ರೈತ. ಹೆಂಡತಿ, ಮಗ ತೀರ್ಕೊಂಡ ದುಃಖದಲ್ಲಿ ಓಡೋಕೆ ಶುರು ಮಾಡಿ 2000ದಲ್ಲಿ 89ನೇ ವಯಸ್ಸಲ್ಲಿ ಲಂಡನ್ ಮ್ಯಾರಥಾನ್ ಓಡಿದ್ರು, 2011ರಲ್ಲಿ ಟೊರಾಂಟೊ ಮ್ಯಾರಥಾನ್ ಮುಗಿಸಿದಾಗ ಅವರು ಹೇಳೋ ಪ್ರಕಾರ ನೂರು ವರ್ಷ. 2025ರ ಜುಲೈಲಿ ಅವರ ಊರ ಹತ್ರಾನೇ ರಸ್ತೇಲಿ ಗಾಡಿ ಡಿಕ್ಕಿ ಹೊಡೆದು ಹೋಗ್ಬಿಟ್ರು, ಆ ಸುದ್ದಿ ನೋಡಿ ನಂಗೆ ಎಷ್ಟು ಸಂಕಟ ಆಯ್ತು. ಅದಕ್ಕೇ ಒಂದು ಕೇಳಿಕೆ, ವಯಸ್ಸಾದೋರನ್ನ ಕತ್ತಲಲ್ಲಿ ರಿಂಗ್ ರೋಡ್ ಬದಿ, ಹೈವೇ ಸರ್ವೀಸ್ ರೋಡಲ್ಲಿ ವಾಕಿಂಗ್ ಕಳಿಸ್ಬೇಡಿ. ಬೆಳಕು ಹರಿದ ಮೇಲೆ, ಪಾರ್ಕಲ್ಲೋ ಕೆರೆ ಏರಿ ಮೇಲೋ. ತಿಳಿ ಬಣ್ಣದ ಅಂಗಿ ಹಾಕ್ಸಿ.

ಪಾಂಡವಪುರದ_ಹೈದ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ.

ಕುರ್ಚಿ ಬಸ್ಕಿ ಶುರು ಮಾಡ್ಸಿದೀವಿ. ಮೇಷ್ಟ್ರು ಹೇಳಿದಂಗೆ ಮೂಗು ಕಾಲ್ಬೆರಳ ನೇರಕ್ಕೆ ತಗೊಂಡು ಬಂದ್ರೆ ಏಳೋದು ಎಷ್ಟು ಸಲೀಸು ಅಂತ ಅವ್ರಿಗೇ ಆಶ್ಚರ್ಯ. ಕೈ ಊರೋದು ಇನ್ನೂ ಪೂರ್ತಿ ಬಿಟ್ಟಿಲ್ಲ, ಒಂದೇ ಕೈ ಊರ್ತಾರೆ ಈಗ. ಬಸ್ಕಿ ಅಂದಿದ್ದೇ ಒಳ್ಳೇದಾಯ್ತು, ಎಕ್ಸರ್ಸೈಜ್ ಅಂದ್ರೆ ಆಗ್ದೋರು ಬಸ್ಕಿ ಅಂದ ತಕ್ಷಣ ಊರ ಗರಡಿ ಮನೆ ಕಥೆ ಎಲ್ಲಾ ನನ್ನ ಮಗಳಿಗೆ ಹೇಳ್ತಾ ಕೂತ್ರು. ಅವಳೂ ಜೊತೇಲಿ ಮಾಡ್ತಾಳೆ, ಎಣಿಸೋದು ಅವಳ ಕೆಲಸ. ತಾರಸಿ ಮೇಲೆ ಕುಂಡ ಬಂದಿದೆ, ಮೆಂತ್ಯ ಕೊತ್ತಂಬರಿ ಹಾಕಿದ್ದಾರೆ.

ಇನ್ನೆರಡು ಕೇಳ್ತೀನಿ. ಊರಲ್ಲಿ ಸಂಕ್ರಾಂತಿಗೆ ಹೋಗ್ಬೇಕು ಅಂತ ಹಠ, ಹೋದ್ರೆ ಗದ್ದೆ ಬದು ಮೇಲೆ ನಡೀತಾರೆ, ಬಿಡ್ಬೋದಾ? ಆಮೇಲೆ ಅಲ್ಲಿ ನೆಲದ ಮೇಲೆ ಕೂತು ಊಟ ಮಾಡ್ಬೇಕು ಅಂತಾರೆ, ಕೂತ್ರೆ ಏಳೋದು ಹೆಂಗೆ ಅಂತ ನಂಗೆ ಭಯ.

ಪಿಟಿ_ಮೇಷ್ಟ್ರು_ಮಂಡ್ಯ

ಸಂತೋಷ ಆಯ್ತು ಕಣಪ್ಪ. ಮೊಮ್ಮಗಳು ಎಣಿಸೋದು ಅಂದ್ರೆ ಅದಕ್ಕಿಂತ ಇನ್ನೇನ್ ಬೇಕು.

ಬದು ಮೇಲೆ ಬಿಡಿ, ಅದಕ್ಕಿಂತ ಒಳ್ಳೇ ಬ್ಯಾಲೆನ್ಸ್ ಅಭ್ಯಾಸ ಯಾವ ಜಿಮ್ಮಲ್ಲೂ ಇಲ್ಲ. ಆದ್ರೆ ಅಲ್ಲಿವರೆಗೆ ಮನೇಲಿ ತಯಾರಿ ಮಾಡ್ಸಿ. ಟೈಲ್ಸ್ ಗೆರೆ ಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗೋ ಹಂಗೆ ನಡೀಲಿ, ಗೋಡೆ ಪಕ್ಕದಲ್ಲಿ. ಅದು ಸಲೀಸಾಗಿದ್ರೆ ಒಣಗಿದ ಅಗಲ ಬದು ಮೇಲೆ ನಡೀಬೋದು, ನೀರು ಕಟ್ಟಿದ ಬದು ಬೇಡ, ಕೈಲಿ ಕೋಲಿರ್ಲಿ, ಹಿಂದೆ ನೀವಿರಿ.

ಫಿಸಿಯೋ_ಸರಸ್ವತಿಪುರಂ

ನೆಲದ ಮೇಲೆ ಕೂರೋದನ್ನ ದಯವಿಟ್ಟು ಬಿಡಿಸಬೇಡಿ, ಕಲಿಸಿ. ಬಿದ್ದಾಗ ತಾವೇ ಏಳೋಕೆ ಬರದೇ ಇರೋದು ವಯಸ್ಸಾದೋರಿಗೆ ಬೀಳೋದಷ್ಟೇ ಅಪಾಯ, ಮನೇಲಿ ಯಾರೂ ಇಲ್ದಾಗ ಗಂಟೆಗಟ್ಲೆ ತಣ್ಣನೆ ನೆಲದ ಮೇಲೆ ಬಿದ್ದಿದ್ದೋರನ್ನ ನಾನು ನೋಡಿದ್ದೀನಿ.

ಹೀಗೆ ಮಾಡ್ಸಿ. ಚಾಪೆ ಮೇಲೆ, ಪಕ್ಕದಲ್ಲಿ ಅಲ್ಲಾಡದ ಗಟ್ಟಿ ಮಂಚ ಅಥವಾ ಕುರ್ಚಿ ಇರ್ಲಿ. ಕೂತಿರೋರು ಮೊದ್ಲು ಒಂದು ಪಕ್ಕಕ್ಕೆ ತಿರುಗಿ ಎರಡೂ ಕೈ ನೆಲಕ್ಕೆ ಊರ್ಬೇಕು, ಅಲ್ಲಿಂದ ಮಂಡಿ ಮೇಲೆ ಬಂದು ಅಂಬೆಗಾಲಿನ ಹಾಗೆ ಆಗ್ಬೇಕು, ಮಂಚದ ಹತ್ರ ಹೋಗಿ ಅದರ ಮೇಲೆ ಕೈ ಇಡ್ಬೇಕು. ಆಮೇಲೆ ನೋವಿಲ್ಲದ ಬಲಗಾಲನ್ನ ಮುಂದಕ್ಕೆ ತಂದು ಪಾದ ಪೂರ್ತಿ ಊರಿ, ಕೈಯನ್ನೂ ಆ ಕಾಲನ್ನೂ ಒತ್ತಿ ಏಳ್ಬೇಕು. ಎದ್ದು ಮಂಚದ ಮೇಲೆ ಕೂತು ಉಸಿರು ತಗೊಂಡು ಆಮೇಲೆ ನಿಲ್ಲಲಿ. ಕೂರೋದು ಇದನ್ನೇ ಹಿಂದುಮುಂದಾಗಿ. ಎಡಮಂಡಿ ನೆಲಕ್ಕೆ ಒತ್ತಿದಾಗ ನೋಯತ್ತೆ, ಅದರ ಕೆಳಗೆ ಮಡಚಿದ ಟವೆಲ್ ಹಾಕಿ. ಕುರ್ಚಿಯಿಂದ ಕೈ ಊರದೇ ಹತ್ತು ಸಲ ಏಳೋವರೆಗೆ ಇದನ್ನ ಶುರು ಮಾಡ್ಬೇಡಿ. ಶುರು ಮಾಡಿದಾಗ ಮೊದಮೊದಲು ನೀವೇ ಪಕ್ಕದಲ್ಲಿ ನಿಂತಿರಿ, ಮಗಳ ಮೇಲೆ ಬಿಡಬೇಡಿ. ಕಂಕುಳಿಗೆ ಕೈ ಹಾಕಿ ಎತ್ತೋಕೆ ಹೋಗ್ಬೇಡಿ, ಅವರ ಭುಜ ನಿಮ್ಮ ಬೆನ್ನು ಎರಡಕ್ಕೂ ಪೆಟ್ಟು. ಸೊಂಟದ ಹಿಂದೆ ಕೈ ಕೊಟ್ಟು ಅವರೇ ಏಳೋಕೆ ಬಿಡಿ.

ಸಂಕ್ರಾಂತಿಗೆ ಇನ್ನೂ ಟೈಮ್ ಇದೆಯಲ್ಲ, ಆಗತ್ತೆ.